ನಾಲ್ಕು ನಿಮಿಷಕ್ಕೆ ನಿಂತುಹೋಗುವ ಟಿವಿ

ಫೈಬರಿನಲ್ಲಿ ಬರುವ ಒಂದು ಟಿವಿ ಚಾನೆಲ್ಲನ್ನು ಸಾವಿರ ಮನೆಯವರು ನೋಡಿದರೂ ಹೆಡ್‌ಎಂಡ್‌ನಿಂದ (ಚಾನೆಲ್ಲುಗಳನ್ನು ಕಳಿಸುವ ಕೇಂದ್ರ) ಹೊರಡುವುದು ಒಂದೇ ಪ್ರತಿ ಎಂದು ಹಿಂದಿನ ಸಂಚಿಕೆಯಲ್ಲಿ ಬರೆದಿದ್ದೆ. ಅದನ್ನೋದಿ ಹಾಸನ, ಚಿಕ್ಕಮಗಳೂರು ಎರಡೂ ಕಡೆಯಿಂದ ಪತ್ರಗಳು ಬಂದಿವೆ. ಯಾರಿಗೆ ಬೇಕು, ಯಾರಿಗೆ ಬೇಡ ಅನ್ನುವುದು ದಾರಿಯಲ್ಲಿರುವ ರೂಟರಿಗೆ, ಅಂದರೆ ಬಂದದ್ದನ್ನು ಯಾವ ಕಡೆಗೆ ಬಿಡಬೇಕೆಂದು ನೋಡಿ ಕಳಿಸುವ ಪೆಟ್ಟಿಗೆಗೆ, ಹೇಗೆ ಗೊತ್ತಾಗುತ್ತದೆ ಅನ್ನುವುದೇ ಬಹುಪಾಲು ಪತ್ರಗಳ ಪ್ರಶ್ನೆ. ಹಾಗಾಗಿ ಉಳಿದ ವಿಷಯಗಳನ್ನು ಮುಂದಿನ ಸಲಕ್ಕೆ ಇಟ್ಟು, ಈ ಸಲ ಒಂದೇ ಪ್ರತಿಯನ್ನು ಕೇಳಿದವರಿಗಷ್ಟೇ ಮುಟ್ಟಿಸುವ ಈ ವಿಧಾನವನ್ನು, ಅಂದರೆ ಮಲ್ಟಿಕಾಸ್ಟ್ ಒಂದನ್ನೇ ತೆಗೆದುಕೊಂಡಿದ್ದೇನೆ.

ಮೇಡಂ, ಹಳೇ ಕೇಬಲ್ಲಿನಲ್ಲಿ ಎಲ್ಲಾ ಚಾನೆಲ್ಲೂ ಎಲ್ಲರ ಮನೆಗೂ ಹೋಗುತ್ತಿತ್ತು. ಫೈಬರಿನಲ್ಲಿ ಬರುವ ಈ ಐಪಿಟಿವಿಯಲ್ಲಿ ಕೇಳಿದ್ದು ಮಾತ್ರ ಹೋಗುತ್ತದೆ ಅಂತೀರಿ. ಹಾಗಾದರೆ ಯಾವ ಮನೆಯಲ್ಲಿ ಏನು ನೋಡುತ್ತಿದ್ದಾರೆ ಅನ್ನುವ ಲೆಕ್ಕ ಹೆಡ್‌ಎಂಡ್‌ನಲ್ಲಿ ಇರಲೇಬೇಕಲ್ಲವೇ?
— ಕೇಬಲ್ ಆಪರೇಟರ್, ಬೇಲೂರು

ಇರಬೇಕಾಗಿಲ್ಲ. ಪೂರ್ತಿ ಲೆಕ್ಕ ಯಾರೊಬ್ಬರ ಹತ್ತಿರವೂ ಇಲ್ಲದೆಯೇ ಕೆಲಸ ನಡೆದುಹೋಗುತ್ತದೆ. ಇಷ್ಟು ವರ್ಷ ಈ ಕೆಲಸ ಮಾಡಿದ ಮೇಲೂ ನನಗೆ ಇದು ಬೆರಗಿನ ಸಂಗತಿಯೇ.

ನಮ್ಮ ತಂದೆಯವರೂ ಬೇಲೂರಿನಲ್ಲಿ ಕೇಬಲ್ ನಡೆಸುತ್ತಿದ್ದರು. ಕಂಬದಿಂದ ಕಂಬಕ್ಕೆ ತಂತಿ ಎಳೆದು, ಅಲ್ಲಲ್ಲಿ ಆಂಪ್ಲಿಫೈಯರ್ ಕೂರಿಸಿ, ಡಿಶ್ಶಿನಲ್ಲಿ ಸಿಕ್ಕಿದ್ದೆಲ್ಲವನ್ನೂ ಊರಿಗೆಲ್ಲ ಕಳಿಸುತ್ತಿದ್ದರು. ಅದು ಡಂಗುರ ಸಾರಿದ ಹಾಗೆ. ಬೇಕಾದವರೂ ಬೇಡದವರೂ ಕೇಳಿಸಿಕೊಳ್ಳಬೇಕು. ಅದಕ್ಕೆ ಬ್ರಾಡ್‌ಕಾಸ್ಟ್ ಅನ್ನುತ್ತೇವೆ. ಒಬ್ಬೊಬ್ಬರಿಗೂ ಬೇರೆ ಬೇರೆ ಪ್ರತಿ ಕಳಿಸಿದರೆ ಯೂನಿಕಾಸ್ಟ್. ಒಂದು ಚಾನೆಲ್ಲಿಗೆ ಸೆಕೆಂಡಿಗೆ 4 ಮೆಗಾಬಿಟ್ ಹಿಡಿಯೋಣ. 250 ಮನೆಯವರು ಅದೇ ಚಾನೆಲ್ ನೋಡುತ್ತಿದ್ದರೆ ಯೂನಿಕಾಸ್ಟ್‌ನಲ್ಲಿ 1,000 ಮೆಗಾಬಿಟ್, ಅಂದರೆ ಒಂದು ಗಿಗಾಬಿಟ್ ಲೈನು ಭರ್ತಿ. ಮಲ್ಟಿಕಾಸ್ಟ್‌ನಲ್ಲಿ ಆ ಲೈನಿನ ಮೇಲೆ ಹೋಗುವುದು ಅದೇ 4 ಮೆಗಾಬಿಟ್.

ನಡೆಯುವುದು ಹೀಗೆ. ಪ್ರತಿ ಚಾನೆಲ್ಲಿಗೂ ಒಂದು ಗುಂಪಿನ ವಿಳಾಸ ಇರುತ್ತದೆ. 224ರಿಂದ 239ರವರೆಗಿನ ಅಂಕಿಯಲ್ಲಿ ಶುರುವಾಗುವ ಐಪಿ ವಿಳಾಸಗಳನ್ನೆಲ್ಲ ಇದಕ್ಕೆಂದೇ ಎತ್ತಿಟ್ಟಿದ್ದಾರೆ. ಅದು ಯಾವ ಯಂತ್ರದ ವಿಳಾಸವೂ ಅಲ್ಲ, ಬರೀ ಗುಂಪಿನ ಹೆಸರು. ಉದಾಹರಣೆಗೆ ನಿಮ್ಮ ಏಳನೇ ಚಾನೆಲ್ 239.1.1.7 ಆಗಿರಲಿ. ಗಿರಾಕಿ ರಿಮೋಟ್ ಒತ್ತಿದ ಕೂಡಲೇ ಸೆಟ್‌ಟಾಪ್ ಬಾಕ್ಸು ತನಗೆ ಹತ್ತಿರದ ರೂಟರಿಗೆ 'ನನಗೆ 239.1.1.7 ಬೇಕು' ಅನ್ನುತ್ತದೆ. ಈ ಮಾತಿನ ಭಾಷೆ ಐಜಿಎಂಪಿ. ರೂಟರ್ ಬರೆದಿಟ್ಟುಕೊಳ್ಳುವುದು ಒಂದೇ ಸಾಲು: ಈ ಪೋರ್ಟಿನ (ತಂತಿ ಸಿಕ್ಕಿಸುವ ಕಿಂಡಿ) ಕಡೆ ಯಾರಿಗೋ ಈ ಗುಂಪು ಬೇಕು. ಒಬ್ಬರೋ ನಲವತ್ತು ಜನರೋ, ಆ ಲೆಕ್ಕ ಅದಕ್ಕೆ ಬೇಕಿಲ್ಲ.

ಆ ಚಾನೆಲ್ ತನ್ನಲ್ಲಿಗೆ ಆಗಲೇ ಬರುತ್ತಿದ್ದರೆ ರೂಟರ್ ಈ ಪೋರ್ಟಿಗೂ ಒಂದು ಪ್ರತಿ ಬಿಡುತ್ತದೆ, ಅಲ್ಲಿಗೆ ಮುಗಿಯಿತು. ಬರುತ್ತಿಲ್ಲದಿದ್ದರೆ ತಾನೇ ತನ್ನ ಮೇಲಿನ ರೂಟರನ್ನು ಕೇಳುತ್ತದೆ. ರೂಟರ್ ರೂಟರಿನ ನಡುವಿನ ಈ ಮಾತಿಗೆ ಪಿಮ್ ಅನ್ನುತ್ತಾರೆ, ಕೇಳಿಕೆಗೆ ಜಾಯಿನ್ ಅನ್ನುತ್ತಾರೆ. ಮೇಲಿನದು ಅದರ ಮೇಲಿನದನ್ನು ಕೇಳುತ್ತದೆ. ಹೀಗೆ ಕೇಳಿಕೆ ಮೂಲದ ಕಡೆಗೆ ಏರುತ್ತಾ ಹೋಗಿ, ಚಾನೆಲ್ ಹರಿಯುತ್ತಿರುವ ಮೊದಲ ಜಾಗ ಸಿಕ್ಕಲ್ಲಿ ನಿಲ್ಲುತ್ತದೆ.

ಕೆರೆ ನೀರಾವರಿ ಕಂಡವರಿಗೆ ಇದು ಹೊಸದಲ್ಲ. ಗದ್ದೆಯವರು ನೀರುಗಂಟಿಗೆ ಹೇಳುತ್ತಾರೆ, ನೀರುಗಂಟಿ ತೂಬು ಎತ್ತುತ್ತಾನೆ. ದೊಡ್ಡ ಕಾಲುವೆ ನೋಡಿಕೊಳ್ಳುವವನಿಗೆ ಈ ಕವಲಿಗೆ ನೀರು ಬೇಕು ಅನ್ನುವಷ್ಟು ಗೊತ್ತಿದ್ದರೆ ಸಾಕು, ಕೆಳಗೆ ಯಾರ ಗದ್ದೆ ಅನ್ನುವುದು ಬೇಕಿಲ್ಲ. ಈ ಹೋಲಿಕೆ ಒಂದು ಕಡೆ ಮಾತ್ರ ನಿಲ್ಲುವುದಿಲ್ಲ. ನೀರು ಕವಲಾದರೆ ಪಾಲಾಗುತ್ತದೆ. ಜಾಲದಲ್ಲಿ ಹೋಗುವ ಮಾಹಿತಿಯ ತುಣುಕು, ಅಂದರೆ ಪ್ಯಾಕೆಟ್, ಕವಲಿನಲ್ಲಿ ಪ್ರತಿಯಾಗುತ್ತದೆ, ದೀಪದಿಂದ ದೀಪ ಹಚ್ಚಿಕೊಂಡ ಹಾಗೆ.

ಕಳಿಸುವವರಿಗೆ ಕೇಳುವವರ ಪಟ್ಟಿ ಬೇಡ, ಬೇಕಾದವರು ಯಾವಾಗ ಬೇಕಾದರೂ ಸೇರಲಿ, ಬಿಡಲಿ ಎಂಬ ಈ ವಿನ್ಯಾಸ ಸ್ಟ್ಯಾನ್‌ಫರ್ಡ್‌ನಲ್ಲಿ ಸ್ಟೀವ್ ಡೀರಿಂಗ್ ಅವರು ಸಂಶೋಧನೆ ಮಾಡುತ್ತಾ ಕಟ್ಟಿದ್ದು. 1989ರ ಆರ್‌ಎಫ್‌ಸಿ 1112ರಲ್ಲಿ (ಇಂಟರ್ನೆಟ್ಟಿನ ವಿನ್ಯಾಸಗಳನ್ನು ಬರೆದಿಡುವ ದಾಖಲೆಗಳಿಗೆ ಈ ಹೆಸರು) ಅದು ಅಚ್ಚಾಯಿತು. ನಿಮ್ಮ ಊರಿನ ಪೆಟ್ಟಿಗೆಗಳು ಇವತ್ತಿಗೂ ನಡೆಯುತ್ತಿರುವುದು ಆ ದಾರಿಯಲ್ಲೇ.

ಪ್ರತಿ ಕವಲಿನಲ್ಲೂ ನಕಲು ಹುಟ್ಟುವುದಾದರೆ, ದಾರಿ ಸುತ್ತಿ ಬಂದಾಗ ಅದೇ ನಕಲು ಮತ್ತೆ ನಕಲಾಗಿ ಕೊನೆಯಿಲ್ಲದೆ ಬೆಳೆಯುವುದಿಲ್ಲವೇ?
— ನಿವೃತ್ತ ಗಣಿತ ಶಿಕ್ಷಕರು, ಚಿಕ್ಕಮಗಳೂರು

ಸರ್, ಬಹಳ ಒಳ್ಳೆಯ ಪ್ರಶ್ನೆ. ತಡೆಯದೆ ಬಿಟ್ಟರೆ ನೀವು ಹೇಳಿದ ಹಾಗೆಯೇ ಆಗುತ್ತದೆ.

ನಮ್ಮದೇ ರಸ್ತೆಗಳನ್ನು ತೆಗೆದುಕೊಳ್ಳಿ. ಹಾಸನದಿಂದ ಬೇಲೂರು, ಅಲ್ಲಿಂದ ಚಿಕ್ಕಮಗಳೂರು, ಕಡೂರು, ಅರಸೀಕೆರೆ, ಮತ್ತೆ ಹಾಸನ. ಈ ಸುತ್ತಿನಲ್ಲಿ ಫೈಬರ್ ಇದೆ, ಊರಿಗೊಂದು ರೂಟರ್ ಇದೆ, ಚಾನೆಲ್ ಹೊರಡುವುದು ಹಾಸನದಿಂದ ಎಂದುಕೊಳ್ಳಿ. ಸಾಮಾನ್ಯ ಪ್ಯಾಕೆಟ್ ಬಂದಾಗ 'ಇದು ಎಲ್ಲಿಗೆ ಹೋಗಬೇಕು' ಅಂತ ರೂಟರ್ ನೋಡುತ್ತದೆ. ಮಲ್ಟಿಕಾಸ್ಟ್ ಪ್ಯಾಕೆಟ್ ಬಂದಾಗ ಮೊದಲು 'ಇದು ಎಲ್ಲಿಂದ ಬಂತು' ಅಂತ ಹಿಂದಕ್ಕೆ ತಿರುಗಿ ನೋಡುತ್ತದೆ. ಚಿಕ್ಕಮಗಳೂರಿನ ರೂಟರ್ ತನ್ನನ್ನೇ ಕೇಳಿಕೊಳ್ಳುತ್ತದೆ: ನಾನು ಹಾಸನಕ್ಕೆ ಏನಾದರೂ ಕಳಿಸಬೇಕಾದರೆ ಯಾವ ಕಡೆಯಿಂದ ಕಳಿಸುತ್ತಿದ್ದೆ? ಬೇಲೂರಿನ ಕಡೆಯಿಂದ. ಹಾಗಾದರೆ ಹಾಸನದ ಚಾನೆಲ್ ಬೇಲೂರಿನ ಕಡೆಯಿಂದ ಬಂದರೆ ಮಾತ್ರ ಒಪ್ಪುತ್ತೇನೆ. ಅದೇ ಪ್ಯಾಕೆಟ್ ಕಡೂರಿನ ಕಡೆಯಿಂದ ಬಂದರೆ ಅಲ್ಲೇ ಬಿಸಾಡುತ್ತೇನೆ. ಸುತ್ತು ಅಲ್ಲಿಗೆ ಕಡಿಯಿತು.

ಇದಕ್ಕೆ ರಿವರ್ಸ್ ಪಾತ್ ಫಾರ್ವರ್ಡಿಂಗ್ ಅನ್ನುತ್ತಾರೆ, ನಾವು ಆರ್‌ಪಿಎಫ್ ಅನ್ನುತ್ತೇವೆ. 1978ರಲ್ಲಿ ಇದನ್ನು ವಿವರಿಸಿದ ಪ್ರಬಂಧ ಯೋಗೇನ್ ದಲಾಲ್ ಮತ್ತು ರಾಬರ್ಟ್ ಮೆಟ್‌ಕಾಫ್ ಅವರದು. ಮೆಟ್‌ಕಾಫ್ ಈಥರ್ನೆಟ್ಟನ್ನು, ಅಂದರೆ ನೆಟ್‌ವರ್ಕ್ ಕೇಬಲ್ಲಿನ ಜಾಲದ ಪದ್ಧತಿಯನ್ನು, ಕಂಡುಹಿಡಿದವರಲ್ಲಿ ಒಬ್ಬರು. ದಲಾಲ್ ಬಾಂಬೆ ಐಐಟಿಯಲ್ಲಿ ಓದಿ ಹೋದವರು. ನಮ್ಮ ಮಕ್ಕಳಿಗೆ ಈ ಹೆಸರು ತಿಳಿದಿರಬೇಕು ಎಂದು ನನಗೆ ಆಸೆ.

ಜಾಯಿನ್ ಮೇಲಕ್ಕೆ ಹೋಗುವುದೂ ಇದೇ ದಾರಿ ಹಿಡಿದು. ರೂಟರಿನಲ್ಲಿ ಆಗಲೇ ಇರುವ ದಾರಿಪಟ್ಟಿಯನ್ನೇ ಪಿಮ್ ಓದಿಕೊಳ್ಳುತ್ತದೆ. ಆ ಪಟ್ಟಿಯನ್ನು ಯಾವ ಪ್ರೋಟೋಕಾಲ್ (ಯಂತ್ರಗಳ ನಡುವಿನ ಮಾತಿನ ಕಟ್ಟಳೆ) ತಯಾರಿಸಿದರೂ ಸರಿ. ಪಿಮ್ ಎಂಬುದರ ಪೂರ್ಣ ಹೆಸರಿನಲ್ಲಿ 'ಪ್ರೋಟೋಕಾಲ್ ಇಂಡಿಪೆಂಡೆಂಟ್' ಅನ್ನುವ ಮಾತು ಬಂದಿರುವುದು ಇದರಿಂದಲೇ.

ಇಲ್ಲಿ ಒಂದು ಅನುಭವ ಹೇಳಲೇಬೇಕು. ಒಂದು ಆಷಾಢದ ರಾತ್ರಿ, ಇಂಥದೇ ಒಂದು ಸುತ್ತಿನಲ್ಲಿ ಮರ ಬಿದ್ದು ಒಂದು ಕಡೆಯ ಫೈಬರ್ ಕಡಿಯಿತು. ಇಂಟರ್ನೆಟ್ ಕೆಲವೇ ಸೆಕೆಂಡಿನಲ್ಲಿ ಇನ್ನೊಂದು ಕಡೆಗೆ ತಿರುಗಿಕೊಂಡಿತು. ಟಿವಿ ಮಾತ್ರ ಒಂದೂ ಬರಲಿಲ್ಲ. 'ಇಂಟರ್ನೆಟ್ ನಡೀತಾ ಇದೆ ಅಂದಮೇಲೆ ಲೈನ್ ಸರಿಯಾಗಿದೆ, ಟಿವಿ ಸರ್ವರ್ ಕೆಟ್ಟಿದೆ' ಎಂದು ಎಲ್ಲರೂ ಸರ್ವರನ್ನೇ ಮೂರು ಸಲ ರೀಸ್ಟಾರ್ಟ್ ಮಾಡಿದರು. ಬೆಳಗಿನ ಜಾವ ನೋಡಿದರೆ, ಬದಲಿ ದಾರಿಯ ಒಂದು ಇಂಟರ್‌ಫೇಸಿನಲ್ಲಿ (ರೂಟರಿನ ಒಂದು ಪೋರ್ಟಿನಲ್ಲಿ) ಪಿಮ್ ಚಾಲೂ ಮಾಡಿರಲೇ ಇಲ್ಲ. ದಾರಿಪಟ್ಟಿ ಬದಲಾಗಿದೆ, ಆರ್‌ಪಿಎಫ್ ಹೊಸ ಕಡೆ ತಿರುಗಿದೆ, ಆದರೆ ಆ ಕಡೆ ಜಾಯಿನ್ ಕೇಳಿಸಿಕೊಳ್ಳುವವರಿಲ್ಲ. ಒಂದು ಸಾಲು ಸೇರಿಸಿದ ಮೇಲೆ ಚಿತ್ರ ಬಂತು. ಅವತ್ತಿನಿಂದ ಹೊಸ ಲೈನ್ ಹಾಕಿದ ಕಡೆಯೆಲ್ಲ, ಮಳೆಗಾಲಕ್ಕೆ ಮುಂಚೆಯೇ ಒಂದೊಂದು ಬದಿಯ ಫೈಬರನ್ನೂ ನಾವೇ ಬಿಚ್ಚಿ, ಟಿವಿ ಉಳಿಯುತ್ತದೆಯೇ ಎಂದು ನೋಡುತ್ತೇನೆ.

ನಮ್ಮದು ಮೂಡಿಗೆರೆ ಹತ್ತಿರ 11 ಕೋಣೆಗಳ ಹೋಂಸ್ಟೇ. ಆಫೀಸಿನಲ್ಲಿಟ್ಟ ಒಂದು ಪೆಟ್ಟಿಗೆಯಿಂದ ನೆಟ್‌ವರ್ಕ್ ಕೇಬಲ್ಲಿನಲ್ಲಿ ಎಲ್ಲಾ ಟಿವಿಗೂ ಚಾನೆಲ್ ಹೋಗುತ್ತದೆ. ಸಿಡಿಲಿಗೆ ಆ ಕೇಬಲ್ಲುಗಳನ್ನು ಕೂಡಿಸುವ ಪೆಟ್ಟಿಗೆ, ಅಂದರೆ ನೆಟ್‌ವರ್ಕ್ ಸ್ವಿಚ್, ಸುಟ್ಟು ಹೊಸದು ಹಾಕಿಸಿದ ಮೇಲೆ, ಪ್ರತಿ ಟಿವಿಯೂ ನಾಲ್ಕು ನಿಮಿಷ ಚೆನ್ನಾಗಿ ಬಂದು ಚಿತ್ರ ನಿಂತುಬಿಡುತ್ತದೆ. ಬೇರೆ ಚಾನೆಲ್‌ಗೆ ಹೋಗಿ ವಾಪಸ್ ಬಂದರೆ ಮತ್ತೆ ನಾಲ್ಕು ನಿಮಿಷ. ಟಿವಿ ರಿಪೇರಿಯವರು ಎರಡು ಸಲ ಬಂದುಹೋದರು. ಅತಿಥಿಗಳ ಮುಂದೆ ಮುಖ ತೋರಿಸಲಾಗುತ್ತಿಲ್ಲ ಅಕ್ಕಾ, ಏನು ಮಾಡಲಿ?
— ಹೋಂಸ್ಟೇ ನಡೆಸುವವರು, ಮೂಡಿಗೆರೆ ತಾಲ್ಲೂಕು

ಟಿವಿಗೆ ಏನೂ ಆಗಿಲ್ಲ, ಹೊಸದು ಕೊಳ್ಳಬೇಡಿ. ಗಡಿಯಾರ ಹಿಡಿದು ನೋಡಿ: ನಾಲ್ಕು ನಿಮಿಷ 20 ಸೆಕೆಂಡಿನ ಆಸುಪಾಸಿಗೆ ನಿಲ್ಲುತ್ತಿರಬೇಕು. ಅಂದರೆ 260 ಸೆಕೆಂಡು. ಆ ಅಂಕಿಯಲ್ಲೇ ಉತ್ತರ ಇದೆ.

ಒಬ್ಬರು ಚಾನೆಲ್ ಕೇಳಿದ ಮೇಲೆ, ಅವರು ಇನ್ನೂ ನೋಡುತ್ತಿದ್ದಾರೋ ಪ್ಲಗ್ ಕಿತ್ತು ಹೋದರೋ ಹೇಗೆ ತಿಳಿಯಬೇಕು? ಅದಕ್ಕೆ ರೂಟರ್ 125 ಸೆಕೆಂಡಿಗೊಮ್ಮೆ ಎಲ್ಲರನ್ನೂ ಕೂಗಿ ಕೇಳುತ್ತದೆ: 'ಯಾರಿಗೆ ಯಾವ ಗುಂಪು ಇನ್ನೂ ಬೇಕು?' ಇದು ಕ್ವೆರಿ. ಕೇಳಿಸಿಕೊಂಡ ಪೆಟ್ಟಿಗೆಗಳು 10 ಸೆಕೆಂಡಿನೊಳಗೆ, ಎಲ್ಲರೂ ಒಟ್ಟಿಗೆ ಕೂಗದ ಹಾಗೆ ಬೇರೆ ಬೇರೆ ಹೊತ್ತಿನಲ್ಲಿ ಉತ್ತರ ಕೊಡುತ್ತವೆ. ಐಜಿಎಂಪಿಯ ಎರಡನೇ ಆವೃತ್ತಿಯಲ್ಲಿ, ಅದೇ ಗುಂಪಿಗೆ ಪಕ್ಕದವರು ಆಗಲೇ ಓಗೊಟ್ಟರೆ ಉಳಿದವರು ಸುಮ್ಮನಾಗುತ್ತಾರೆ, ಏಕೆಂದರೆ ಒಬ್ಬರ ಉತ್ತರ ಸಾಕು. ಎರಡು ಕ್ವೆರಿಯ ಹೊತ್ತು ಕಳೆದು, ಮೇಲೆ 10 ಸೆಕೆಂಡು ಕಾದರೂ ಯಾರೂ ಓಗೊಡದಿದ್ದರೆ ರೂಟರ್ ಆ ಸಾಲನ್ನು ಅಳಿಸುತ್ತದೆ. 125, 125, 10: ಒಟ್ಟು 260.

ನಿಮ್ಮ ಹಳೇ ಸ್ವಿಚ್ಚಿಗೆ ಈ ಗೊಡವೆಯೇ ಇರಲಿಲ್ಲ. ಬಂದ ಚಾನೆಲ್ಲನ್ನೆಲ್ಲ ಎಲ್ಲಾ ಪೋರ್ಟಿಗೂ ಸುರಿಯುತ್ತಿತ್ತು, ಟಿವಿ ತನಗೆ ಬೇಕಾದ್ದನ್ನು ಹೆಕ್ಕಿಕೊಳ್ಳುತ್ತಿತ್ತು. ಹೊಸ ಸ್ವಿಚ್ಚಿನಲ್ಲಿ ಐಜಿಎಂಪಿ ಸ್ನೂಪಿಂಗ್ ಎಂಬ ಸೌಲಭ್ಯ ಕಾರ್ಖಾನೆಯಿಂದಲೇ ಚಾಲೂ ಆಗಿ ಬಂದಿರಬೇಕು. ಅದು ಟಿವಿಗಳ ಮಾತಿಗೆ ಕಿವಿಗೊಟ್ಟು, ಕೇಳಿದ ಪೋರ್ಟಿಗೆ ಮಾತ್ರ ಚಾನೆಲ್ ಬಿಡುತ್ತದೆ. ಒಳ್ಳೆಯದೇ. ಆದರೆ ನಿಮ್ಮಲ್ಲಿ ಪೆಟ್ಟಿಗೆಯೂ ಟಿವಿಗಳೂ ಒಂದೇ ಜಾಲದಲ್ಲಿವೆ, ನಡುವೆ ಮಲ್ಟಿಕಾಸ್ಟ್ ರೂಟರ್ ಇಲ್ಲ. ರೂಟರ್ ಇಲ್ಲದ ಮೇಲೆ ಕ್ವೆರಿ ಕೂಗುವವರಿಲ್ಲ. ಕೂಗದಿದ್ದರೆ ಟಿವಿ ಉತ್ತರ ಕೊಡುವುದಿಲ್ಲ. ಉತ್ತರ ಬರದಿದ್ದರೆ 'ಇವರು ಎದ್ದು ಹೋದರು' ಎಂದು ಸ್ವಿಚ್ ಬಾಗಿಲು ಹಾಕಿಬಿಡುತ್ತದೆ. ಚಾನೆಲ್ ಬದಲಿಸಿ ಬಂದಾಗ ಟಿವಿ ತಾನಾಗಿ ಹೊಸದಾಗಿ ಕೇಳುತ್ತದೆ, ಅದಕ್ಕೇ ಇನ್ನೊಂದು 260 ಸೆಕೆಂಡು ಸಿಗುತ್ತದೆ.

ಹಾಸನದ ಒಂದು ಲಾಡ್ಜಿನಲ್ಲಿ ನಾನು ಇದೇ ತೊಂದರೆಗೆ ಎರಡು ದಿನ ಕೊಟ್ಟೆ. ಸೆಟ್‌ಟಾಪ್ ಬಾಕ್ಸ್ ಬದಲಿಸಿದೆ, ಕೇಬಲ್ ತುದಿಗಳನ್ನು ಹೊಸದಾಗಿ ಕಟ್ಟಿದೆ. ರೂಂ ಬಾಯ್ ಒಬ್ಬ ಹುಡುಗ 'ಎಲ್ಲಾ ರೂಮಲ್ಲೂ ಅಷ್ಟೇ ಹೊತ್ತಿಗೆ ನಿಲ್ಲುತ್ತೆ ಮೇಡಂ, ನಾನು ಲೆಕ್ಕ ಇಟ್ಟಿದೀನಿ' ಅಂದಾಗಲೇ ನನಗೆ ಹೊಳೆದದ್ದು. ಕೆಟ್ಟ ಕೇಬಲ್ಲು ಗಡಿಯಾರ ನೋಡಿಕೊಂಡು ನಿಲ್ಲುವುದಿಲ್ಲ. ಆ ಹುಡುಗನಿಗೆ ನಾನು ಇವತ್ತಿಗೂ ಋಣಿ.

ನೀವು ಮಾಡಬೇಕಾದ್ದು: ಸ್ವಿಚ್ ಹಾಕಿದವರನ್ನು ಕರೆಸಿ, ಅದರ ಸೆಟ್ಟಿಂಗ್‌ನಲ್ಲಿ 'ಐಜಿಎಂಪಿ ಕ್ವೆರಿಯರ್' ಚಾಲೂ ಮಾಡಲು ಹೇಳಿ. ಕ್ವೆರಿ ಕೂಗಲು ಅದಕ್ಕೊಂದು ಐಪಿ ವಿಳಾಸ ಬೇಕಾಗುತ್ತದೆ, ಅದನ್ನೂ ಕೊಡಿಸಿ. ಐದು ನಿಮಿಷದ ಕೆಲಸ. 'ಸ್ನೂಪಿಂಗನ್ನೇ ಆಫ್ ಮಾಡಿಬಿಡೋಣ, ಟಿವಿ ಬರುತ್ತೆ' ಅಂತ ಅವರು ಹೇಳಬಹುದು. ಬರುತ್ತದೆ, ಆದರೆ ಒಪ್ಪಬೇಡಿ. 4 ಮೆಗಾಬಿಟ್ಟಿನ 30 ಚಾನೆಲ್ ಎಂದರೆ 120 ಮೆಗಾಬಿಟ್. ಅಷ್ಟೂ ಪ್ರತಿ ಕೋಣೆಗೂ ಸುರಿಯುತ್ತದೆ, ಟಿವಿಯ ಪೋರ್ಟು 100 ಮೆಗಾಬಿಟ್ಟಿನದಾದರೆ ಎಲ್ಲಾ ಚಾನೆಲ್ಲೂ ಚೂರು ಚೂರಾಗುತ್ತದೆ.

ಚಾನೆಲ್‌ಗಳಿಗೆ ವಿಳಾಸ ಕೊಡುವವರು ನೀವೇ ಆಗಿದ್ದರೆ ಇನ್ನೊಂದು ಮಾತು. ಗುಂಪಿನ ವಿಳಾಸದಿಂದ ಈಥರ್ನೆಟ್ ವಿಳಾಸ ಮಾಡುವಾಗ ಕೊನೆಯ 23 ಬಿಟ್ಟನ್ನು ಮಾತ್ರ ತೆಗೆದುಕೊಳ್ಳುತ್ತಾರೆ. ಹಾಗಾಗಿ 32 ಗುಂಪುಗಳಿಗೆ ಒಂದೇ ಈಥರ್ನೆಟ್ ವಿಳಾಸ ಬರುತ್ತದೆ. 239.1.1.7 ಮತ್ತು 239.129.1.7 ಎರಡೂ ಕೆಲವು ಸ್ವಿಚ್ಚುಗಳ ಕಣ್ಣಿಗೆ ಒಂದೇ. 239.1.1.1ರಿಂದ ಸಾಲಾಗಿ ಕೊಟ್ಟುಕೊಂಡು ಹೋದರೆ ಈ ತಂಟೆ ಇಲ್ಲ.

ಲ್ಯಾಬಿನಲ್ಲಿ ನಾವೇ ಪೈಥಾನ್ ಪ್ರೋಗ್ರಾಂ ಬರೆದು ಮಲ್ಟಿಕಾಸ್ಟ್ ಕಳಿಸಿದೆವು. ಅದೇ ಸ್ವಿಚ್ಚಿನಲ್ಲಿ ಬರುತ್ತದೆ, ರೂಟರ್ ದಾಟುವುದಿಲ್ಲ. ಇನ್ನೊಂದು ಪ್ರಶ್ನೆ: ಮೂಲ ಎಲ್ಲಿದೆ ಅಂತ ಗೊತ್ತಿಲ್ಲದೆ ಜಾಯಿನ್ ಯಾರಿಗೆ ಕಳಿಸುವುದು? ಒಂದೇ ಜಾಲಕ್ಕೆ ಎರಡು ರೂಟರ್ ಇದ್ದರೆ ಎರಡೂ ಕಳಿಸಿಬಿಡುವುದಿಲ್ಲವೇ?
— ಎಂಜಿನಿಯರಿಂಗ್ ವಿದ್ಯಾರ್ಥಿನಿ, ಅರಸೀಕೆರೆ

ಮೊದಲನೆಯದು ಸುಲಭ. ನೀವಾಗಿ ಹೇಳದಿದ್ದರೆ ಮಲ್ಟಿಕಾಸ್ಟ್ ಪ್ಯಾಕೆಟ್ಟಿನ ಟಿಟಿಎಲ್, ಅಂದರೆ ಅದು ಎಷ್ಟು ದೂರ ಹೋಗಬಹುದು ಎಂಬ ಲೆಕ್ಕದ ಅಂಕಿ, 1 ಆಗಿರುತ್ತದೆ. ರೂಟರ್ ಅದರಲ್ಲಿ ಒಂದನ್ನು ಕಳೆದಾಗ ಸೊನ್ನೆಯಾಗಿ, ಪ್ಯಾಕೆಟ್ ಅಲ್ಲೇ ಸಾಯುತ್ತದೆ. ಪ್ರೋಗ್ರಾಂನಲ್ಲಿ 16 ಎಂದು ಕೊಡಿ. ಹಾಗೆಯೇ 224.0.0.ದಿಂದ ಶುರುವಾಗುವ ವಿಳಾಸ ಬಳಸಬೇಡಿ. ಅವು ಒಂದೇ ಜಾಲದೊಳಗಿನ ಮಾತುಕತೆಗೆ ಮೀಸಲು, ಟಿಟಿಎಲ್ ಎಷ್ಟಿದ್ದರೂ ರೂಟರ್ ದಾಟಿಸುವುದಿಲ್ಲ. 239ರಲ್ಲಿ ಒಂದು ಆರಿಸಿಕೊಳ್ಳಿ ಮಗಳೇ.

ಎರಡನೆಯದಕ್ಕೆ ನಿಮ್ಮ ಊರಿನ ಕೊಬ್ಬರಿ ಮಾರುಕಟ್ಟೆಯನ್ನೇ ನೆನೆಸಿಕೊಳ್ಳಿ. ತೋಟದವರಿಗೆ ಕೊಳ್ಳುವವರು ಗೊತ್ತಿಲ್ಲ, ಕೊಳ್ಳುವವರಿಗೆ ತೋಟ ಗೊತ್ತಿಲ್ಲ. ಇಬ್ಬರಿಗೂ ಮಾರುಕಟ್ಟೆ ಗೊತ್ತು. ಪಿಮ್‌ನಲ್ಲಿ ಸ್ಪಾರ್ಸ್ ಮೋಡ್ ಎಂಬ ಬಗೆ ಇದೆ. ಅದರಲ್ಲಿ ಆ ಮಾರುಕಟ್ಟೆಯ ಜಾಗದಲ್ಲಿರುವ ರೂಟರಿಗೆ ರಾಂಡೆವೂ ಪಾಯಿಂಟ್ ಅನ್ನುತ್ತಾರೆ, ಸುಮ್ಮನೆ ಆರ್‌ಪಿ. ಬೇಕಾದವರ ರೂಟರ್ ಆರ್‌ಪಿಯ ಕಡೆಗೆ ಜಾಯಿನ್ ಕಳಿಸುತ್ತದೆ. ಮೂಲದ ಪಕ್ಕದ ರೂಟರ್ ಮೊದಲ ಪ್ಯಾಕೆಟ್ಟುಗಳನ್ನು ರಿಜಿಸ್ಟರ್ ಎಂಬ ಲಕೋಟೆಯಲ್ಲಿಟ್ಟು ಆರ್‌ಪಿಗೆ ಮುಟ್ಟಿಸುತ್ತದೆ. ಆರ್‌ಪಿಯ ಮೂಲಕ ಬಂದ ಪ್ಯಾಕೆಟ್ ನೋಡಿದ ಮೇಲೆ ಬೇಕಾದವರ ರೂಟರಿಗೆ ಮೂಲದ ವಿಳಾಸ ತಿಳಿಯುತ್ತದೆ. ಆಮೇಲೆ ಅದು ನೇರವಾಗಿ ಮೂಲದ ಕಡೆಗೇ ಜಾಯಿನ್ ಕಳಿಸಿ ಹತ್ತಿರದ ದಾರಿ ಹಿಡಿಯಬಹುದು, ಪರಿಚಯವಾದ ವ್ಯಾಪಾರಿ ಮುಂದಿನ ಸಲ ಸೀದಾ ತೋಟಕ್ಕೇ ಲಾರಿ ತಂದ ಹಾಗೆ. ಐಜಿಎಂಪಿಯ ಮೂರನೇ ಆವೃತ್ತಿಯಲ್ಲಿ 'ಈ ಗುಂಪು, ಈ ಮೂಲದಿಂದ' ಎಂದೇ ಕೇಳಬಹುದು. 232ರ ವಿಳಾಸಗಳು ಇದಕ್ಕಾಗಿಯೇ ಇವೆ, ಆಗ ಆರ್‌ಪಿಯೇ ಬೇಡ. ಹೊಸ ಜಾಲ ಕಟ್ಟುವುದಾದರೆ ನಾನು ಇದನ್ನೇ ಆರಿಸುತ್ತೇನೆ. ಕೆಡುವ ಜಾಗ ಒಂದು ಕಡಿಮೆ.

ಮೂರನೆಯದು ಪರೀಕ್ಷೆಗೂ ಬರುತ್ತದೆ. ಎರಡು ರೂಟರ್ ಒಂದೇ ಚಾನೆಲ್ಲನ್ನು ಒಂದೇ ಜಾಲಕ್ಕೆ ಬಿಟ್ಟರೆ, ಇನ್ನೊಬ್ಬರ ಪ್ರತಿ ಎದುರಿಗೆ ಬಂದದ್ದು ಇಬ್ಬರಿಗೂ ಕಾಣುತ್ತದೆ. ಕೂಡಲೇ ಅಸರ್ಟ್ ಎಂಬ ಸಂದೇಶದಲ್ಲಿ ಮೂಲಕ್ಕೆ ತನ್ನ ದಾರಿ ಎಷ್ಟು ಒಳ್ಳೆಯದು ಎಂದು ಹೇಳಿಕೊಳ್ಳುತ್ತವೆ. ಒಳ್ಳೆಯ ದಾರಿಯವನು ಉಳಿಯುತ್ತಾನೆ, ಸಮನಾದರೆ ದೊಡ್ಡ ಐಪಿ ವಿಳಾಸದವನು. ಜಾಲದ ಪರವಾಗಿ ಜಾಯಿನ್ ಕಳಿಸುವ ಮುಖ್ಯ ರೂಟರೂ, ಬೇರೆ ಆದ್ಯತೆ ಕೊಟ್ಟಿಲ್ಲದಿದ್ದರೆ, ದೊಡ್ಡ ವಿಳಾಸದ್ದೇ. ಆದರೆ ಕ್ವೆರಿ ಕೂಗುವುದು ಚಿಕ್ಕ ವಿಳಾಸದ ರೂಟರ್. ಈ ವ್ಯತ್ಯಾಸದಲ್ಲಿ ಬಹಳ ಜನ ಎಡವುತ್ತಾರೆ.

ರೂಟರುಗಳ ನಡುವೆಯೂ ಕೇಳಿಕೆ ಶಾಶ್ವತವಲ್ಲ ಅನ್ನುವುದನ್ನು ಸೇರಿಸಿಕೊಳ್ಳಿ. ಜಾಯಿನನ್ನು 60 ಸೆಕೆಂಡಿಗೊಮ್ಮೆ ಮತ್ತೆ ಹೇಳುತ್ತಿರಬೇಕು, 210 ಸೆಕೆಂಡು ಹೇಳದಿದ್ದರೆ ಮೇಲಿನವನು ನಿಲ್ಲಿಸುತ್ತಾನೆ. ಸಾಕು ಅನ್ನುವುದಕ್ಕೆ ಪ್ರೂನ್. ಒಂದೇ ತಂತಿಯಲ್ಲಿ ಒಬ್ಬನು ಪ್ರೂನ್ ಅಂದಾಗ ಮೇಲಿನ ರೂಟರ್ ಮೂರು ಸೆಕೆಂಡು ತಡೆದು ನೋಡುತ್ತದೆ. ಅಷ್ಟರಲ್ಲಿ 'ತಾಳಿ, ನನಗಿನ್ನೂ ಬೇಕು' ಎಂದು ಇನ್ನೊಬ್ಬನು ಜಾಯಿನ್ ಕಳಿಸಿದರೆ ಹರಿವು ಮುಂದುವರಿಯುತ್ತದೆ.

ಹಾಸನದಲ್ಲೇ ಉಪಗ್ರಹ ಕೇಂದ್ರ ಇದೆ. ಆಕಾಶದಿಂದ ಟಿವಿ ಬರುವಾಗ ಈ ತಂತಿಯ ತಾಪತ್ರಯ ಏಕೆ?
— ಕಾಫಿ ಬೆಳೆಗಾರರು, ಸಕಲೇಶಪುರ

ನೀವು ಹೇಳುವ ಕೇಂದ್ರ, ಹಾಸನದ ಎಂಸಿಎಫ್ (ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ), 1982ರಿಂದ ಉಪಗ್ರಹಗಳನ್ನು ಅವುಗಳ ಜಾಗದಲ್ಲಿ ನಿಲ್ಲಿಸಿ ನೋಡಿಕೊಳ್ಳುವ ಕೇಂದ್ರ, ಚಾನೆಲ್ ಬಿತ್ತರಿಸುವುದು ಅದರ ಕೆಲಸವಲ್ಲ. ಸುಮಾರು 36,000 ಕಿಲೋಮೀಟರ್ ಮೇಲಿಂದ ಬರುವ ಡಿಟಿಎಚ್ ಅಪ್ಪಟ ಬ್ರಾಡ್‌ಕಾಸ್ಟ್, ಕೇಳಿಕೆಯ ಮಾತೇ ಇಲ್ಲ. ಆದರೆ ಆ ತರಂಗವನ್ನು ಜೋರು ಮಳೆ ಹೀರಿಕೊಳ್ಳುತ್ತದೆ. ಜುಲೈ ತಿಂಗಳಲ್ಲಿ ನಿಮ್ಮ ಟಿವಿ 'ಸಿಗ್ನಲ್ ಇಲ್ಲ' ಅನ್ನುವುದು ಅದಕ್ಕೇ. ಫೈಬರಿನೊಳಗಿನ ಬೆಳಕಿಗೆ ಮಳೆ ತಾಗುವುದಿಲ್ಲ, ಮರ ಬೀಳದಿರಬೇಕು ಅಷ್ಟೇ. ನಿಮ್ಮ ಕಡೆ ಎರಡೂ ಇಟ್ಟುಕೊಳ್ಳುವುದು ಜಾಣತನ.

ಮಕ್ಕಳು ಮೊಬೈಲಿನಲ್ಲಿ ಕ್ರಿಕೆಟ್ ಲೈವ್ ನೋಡುತ್ತಾರೆ. ಅದೂ ಮಲ್ಟಿಕಾಸ್ಟೇ?
— ಗೃಹಿಣಿ, ಹಾಸನ

ಅಲ್ಲ. ಪ್ರತಿ ಫೋನೂ ಕೆಲವು ಸೆಕೆಂಡಿನ ತುಣುಕುಗಳನ್ನು ತನಗಾಗಿ ಬೇರೆಯಾಗಿ ತರಿಸಿಕೊಳ್ಳುತ್ತದೆ. ಕಂಪನಿಗಳು ಊರೂರಿನ ಹತ್ತಿರ ಸರ್ವರ್ ಇಟ್ಟು ಭಾರ ಇಳಿಸಿಕೊಳ್ಳುತ್ತವೆ. ಇಡೀ ಇಂಟರ್ನೆಟ್ಟಿಗೆ ಮಲ್ಟಿಕಾಸ್ಟ್ ಹರಡುವ ಪ್ರಯತ್ನ 1992ರಲ್ಲಿ ಎಂಬೋನ್ ಎಂಬ ಪ್ರಯೋಗದಿಂದ ಶುರುವಾಗಿತ್ತು. ಆದರೆ ಒಬ್ಬರ ಜಾಲದ ಕೇಳಿಕೆಯನ್ನು ಇನ್ನೊಬ್ಬರ ರೂಟರ್ ನೆನಪಿಟ್ಟುಕೊಳ್ಳಬೇಕು, ಅದರ ಖರ್ಚು ಯಾರದು ಎಂಬಲ್ಲಿ ಗಾಡಿ ನಿಂತಿತು. ಯಾವ ಮೂಲದಿಂದಾದರೂ ಬರಲಿ ಎನ್ನುವ ಬಗೆಯ ಮಲ್ಟಿಕಾಸ್ಟನ್ನು ಜಾಲಜಾಲಗಳ ನಡುವೆ ಬಳಸಬೇಡಿ ಎಂದು 2020ರ ಆರ್‌ಎಫ್‌ಸಿ 8815 ಹೇಳಿಯೇಬಿಟ್ಟಿದೆ. ಒಬ್ಬರೇ ನಡೆಸುವ ಜಾಲದೊಳಗೆ, ಅಂದರೆ ನಿಮ್ಮ ಕೇಬಲ್‌ನವರ ಟಿವಿಯಲ್ಲಿ, ಅದು ಗಟ್ಟಿಯಾಗಿ ಉಳಿದಿದೆ.

ಕೇಬಲ್ ಹಾಕಿದ ಟಿವಿಯಲ್ಲಿ ಚಿತ್ರ ಸ್ವಚ್ಛ. ಅದೇ ಚಾನೆಲ್ ವೈಫೈನಲ್ಲಿ ಒಡೆದು ಬರುತ್ತದೆ, ಮೊಬೈಲ್ ಇಂಟರ್ನೆಟ್ಟೂ ನಿಧಾನವಾಗುತ್ತದೆ. ಏಕೆ?
— ಶಿಕ್ಷಕಿ, ಕಡೂರು

ವೈಫೈ ಒಬ್ಬರಿಗೇ ಕಳಿಸುವಾಗ 'ಮುಟ್ಟಿತು' ಎಂಬ ಉತ್ತರ ಬಾರದಿದ್ದರೆ ಮತ್ತೆ ಕಳಿಸುತ್ತದೆ. ಗುಂಪಿಗೆ ಕಳಿಸುವಾಗ ಯಾರ ಉತ್ತರಕ್ಕೂ ಕಾಯುವುದಿಲ್ಲ, ಕಳೆದದ್ದು ಕಳೆದೇ ಹೋಯಿತು. ಅದೂ ಸಾಲದೆಂದು, ದೂರದ ಕೋಣೆಯವರಿಗೂ ಕೇಳಿಸಲಿ ಎಂದು ತೀರಾ ಕಡಿಮೆ ವೇಗದಲ್ಲಿ ಕಳಿಸುತ್ತದೆ. ಹಾಗಾಗಿ ಒಂದೇ ಚಾನೆಲ್ ಗಾಳಿಯ ಹೊತ್ತನ್ನೆಲ್ಲ ತಿಂದು, ಮೊಬೈಲುಗಳು ಸರತಿಯಲ್ಲಿ ನಿಲ್ಲುತ್ತವೆ. ಗುಂಪಿನ ಪ್ರತಿಯನ್ನು ಟಿವಿಯೊಂದಕ್ಕೇ ಬರೆದ ಪ್ರತಿಯನ್ನಾಗಿ ಮಾಡಿ ಕಳಿಸುವ ಸೌಲಭ್ಯ ಕೆಲವು ವೈಫೈ ಪೆಟ್ಟಿಗೆಗಳಲ್ಲಿ ಇರುತ್ತದೆ, 'ಮಲ್ಟಿಕಾಸ್ಟ್ ಟು ಯೂನಿಕಾಸ್ಟ್' ಎಂದು ಸೆಟ್ಟಿಂಗ್‌ನಲ್ಲಿ ಹುಡುಕಿ ನೋಡಿ. ಸಿಗದಿದ್ದರೆ ಟಿವಿಯವರೆಗೆ ಒಂದು ನೆಟ್‌ವರ್ಕ್ ಕೇಬಲ್ ಎಳೆಸಿಬಿಡಿ. ಗೋಡೆ ಕೊರೆಯುವುದಾದರೆ ಕಿಟಕಿಯ ಚೌಕಟ್ಟಿನ ಕೆಳಗೆ, ಹೊರಗಡೆಗೆ ಸ್ವಲ್ಪ ಇಳಿಜಾರಾಗಿ ಕೊರೆಸಿ. ಇಲ್ಲದಿದ್ದರೆ ಮಳೆನೀರು ಕೇಬಲ್ಲಿನ ಗುಂಟ ಒಳಗೆ ಇಳಿಯುತ್ತದೆ.